ಆಟಗಾರನ ಬೆಲೆ ಮತ್ತು ಮೌಲ್ಯ: ಫ್ಯಾಂಟಸಿ ಫುಟ್‌ಬಾಲಿನಿಂದ ವ್ಯಾಪಾರಸ್ಥರಿಗೊಂದು ಲೆಕ್ಕದ ಪಾಠ

ಯಾವುದೇ ಸ್ವತ್ತನ್ನು ಕೊಳ್ಳುವಾಗ ವ್ಯಾಪಾರಸ್ಥನ ಮುಂದೆ ಎರಡು ಅಂಕಿಗಳಿರುತ್ತವೆ. ಒಂದು, ಅದಕ್ಕೆ ತೆರಬೇಕಾದ ಬೆಲೆ. ಇನ್ನೊಂದು, ಅದು ತಂದುಕೊಡಬಹುದಾದ ಮೌಲ್ಯ. ಬೆಲೆಯನ್ನು ಮಾರುವವನು ಹೇಳುತ್ತಾನೆ. ಮೌಲ್ಯವನ್ನು ಕೊಳ್ಳುವವನೇ ಲೆಕ್ಕ ಹಾಕಿಕೊಳ್ಳಬೇಕು. ಈ ಎರಡನೆಯ ಲೆಕ್ಕವನ್ನು ಮಾಡದೆ, ಕಳೆದ ವರ್ಷದ ಲಾಭವನ್ನು ಮಾತ್ರ ನೋಡಿ, ನಡೆಯುತ್ತಿರುವ ಅಂಗಡಿಯನ್ನೋ ಬಳಸಿದ ಯಂತ್ರವನ್ನೋ ಕೊಂಡು ಸಾಲದ ಕಂತಿಗೆ ಸಿಲುಕಿದವರನ್ನು ಲೆಕ್ಕಪರಿಶೋಧಕರಾದ ನಾವು ಆಗಾಗ್ಗೆ ಕಾಣುತ್ತೇವೆ.

ಮೌಲ್ಯಮಾಪನದ ತತ್ತ್ವಗಳೇನೂ ಹೊಸವಲ್ಲ. ವಾಣಿಜ್ಯ ಪದವಿಯ ಪಠ್ಯಪುಸ್ತಕಗಳಲ್ಲಿಯೇ ಇವೆ. ಆದರೆ ವ್ಯವಹಾರದಲ್ಲಿ ಅವುಗಳ ಫಲ ಕಾಣಲು ಐದಾರು ವರ್ಷ ಬೇಕಾಗುತ್ತದೆ. ಅಷ್ಟರೊಳಗೆ ಯಾವ ಕಾರಣಕ್ಕೆ ಏನಾಯಿತೆಂಬುದು ಮರೆತುಹೋಗಿರುತ್ತದೆ. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಕೋಟ್ಯಂತರ ಜನರು ಪ್ರತಿ ವರ್ಷ ಆಡುವ ಫ್ಯಾಂಟಸಿ ಫುಟ್‌ಬಾಲ್ ಎಂಬ ಲೆಕ್ಕದ ಆಟದಲ್ಲಿ ಇದೇ ತತ್ತ್ವಗಳು ನಾಲ್ಕೇ ತಿಂಗಳಲ್ಲಿ ಪರೀಕ್ಷೆಗೊಳಗಾಗುತ್ತವೆ. ಆಗಸ್ಟಿನಲ್ಲಿ ಖರೀದಿ, ಸೆಪ್ಟೆಂಬರಿನಿಂದ ವಾರವಾರವೂ ಜಮಾ, ವರ್ಷಾಂತ್ಯದ ವೇಳೆಗೆ ಅಢಾವೆ. ಆ ದೇಶದ ಕಚೇರಿಗಳಲ್ಲಿ ದುಡಿಯುತ್ತಿರುವ ನಮ್ಮ ಮಕ್ಕಳು ಮೊಮ್ಮಕ್ಕಳಲ್ಲಿ ಹಲವರಿಗೆ ಈ ಆಟ ಪರಿಚಿತವೇ ಆಗಿದೆ. ಅದರಲ್ಲಿ ವೈಡ್ ರಿಸೀವರ್ ಎಂಬ ಒಂದು ಸ್ಥಾನದ ಆಟಗಾರನನ್ನು ಮಾತ್ರ ತೆಗೆದುಕೊಂಡು, ಆತನ ಮೌಲ್ಯವನ್ನು ನಿರ್ಧರಿಸುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಆಟದ ಸ್ವರೂಪ

ಅಮೆರಿಕನ್ ಫುಟ್‌ಬಾಲ್ ನಾವು ಬಲ್ಲ ಕಾಲ್ಚೆಂಡಿನಾಟವಲ್ಲ. ಅಂಡಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡಿ ಅಥವಾ ಎಸೆದು ಎದುರಾಳಿಯ ಗಡಿಯನ್ನು ಮುಟ್ಟಿಸುವ ಆಟವದು. ಗಡಿ ಮುಟ್ಟಿದರೆ ಅದಕ್ಕೆ ಟಚ್‌ಡೌನ್ ಎಂದು ಹೆಸರು. ಚೆಂಡನ್ನು ಎಸೆಯುವವನು ಕ್ವಾರ್ಟರ್‌ಬ್ಯಾಕ್. ಚೆಂಡನ್ನು ಹೊತ್ತು ಓಡುವುದೇ ಮುಖ್ಯ ಕೆಲಸವಾಗಿರುವವನು ರನ್ನಿಂಗ್ ಬ್ಯಾಕ್. ದೂರಕ್ಕೆ ಓಡಿಹೋಗಿ ಎಸೆದ ಚೆಂಡನ್ನು ಹಿಡಿಯುವವನು ವೈಡ್ ರಿಸೀವರ್. ನ್ಯಾಷನಲ್ ಫುಟ್‌ಬಾಲ್ ಲೀಗ್ ಎಂಬ ವೃತ್ತಿಪರ ಸಂಸ್ಥೆಯಲ್ಲಿ 32 ತಂಡಗಳಿದ್ದು, 2021ರಿಂದ ಪ್ರತಿ ತಂಡವೂ 18 ವಾರಗಳಲ್ಲಿ 17 ಪಂದ್ಯಗಳನ್ನು ಆಡುತ್ತದೆ.

ಫ್ಯಾಂಟಸಿ ಆಟದಲ್ಲಿ ಹತ್ತು ಹನ್ನೆರಡು ಮಂದಿ ಸೇರಿ ಒಂದು ಕೂಟ ಕಟ್ಟಿಕೊಳ್ಳುತ್ತಾರೆ. ನಿಜವಾದ ಆಟಗಾರರನ್ನು ಸರದಿಯಂತೆ ಆರಿಸಿಯೋ ಹರಾಜಿನಲ್ಲಿ ಕೂಗಿಯೋ ಕಾಗದದ ಮೇಲೆ ತಮ್ಮ ತಮ್ಮ ತಂಡಗಳನ್ನು ರಚಿಸುತ್ತಾರೆ. ಈ ಆಯ್ಕೆಯ ಸಭೆಯೇ ಡ್ರಾಫ್ಟ್. ಒಬ್ಬ ಆಟಗಾರನು ಕೂಟದಲ್ಲಿ ಒಬ್ಬನ ಪಾಲಿಗೆ ಮಾತ್ರ ಸೇರತಕ್ಕದ್ದು. ಆತನು ಮೈದಾನದಲ್ಲಿ ಗಳಿಸಿದ ಅಂಕಿಗಳು ಆತನನ್ನು ಆರಿಸಿಕೊಂಡವನ ಖಾತೆಗೆ ಜಮೆಯಾಗುತ್ತವೆ.

ಈ ಆಟದ ಮೂಲ ಪುರುಷ ಬಿಲ್ ವಿಂಕೆನ್‌ಬಾಕ್ ಸ್ವತಃ ಒಬ್ಬ ಉದ್ಯಮಿ ಎಂಬುದು ಗಮನಾರ್ಹ. ಓಕ್ಲೆಂಡ್ ರೈಡರ್ಸ್ ತಂಡದಲ್ಲಿ ಪಾಲುದಾರರಾಗಿದ್ದ ಅವರು 1962ರಲ್ಲಿ ನ್ಯೂಯಾರ್ಕಿನ ಹೋಟೆಲೊಂದರಲ್ಲಿ ತಂಡದ ಪ್ರಚಾರಾಧಿಕಾರಿ ಹಾಗೂ ಒಬ್ಬ ಪತ್ರಕರ್ತರ ಜೊತೆಗೂಡಿ ಇದರ ನಿಯಮಗಳನ್ನು ರೂಪಿಸಿದರು. ಮರುವರ್ಷ, ಅಂದರೆ 1963ರಲ್ಲಿ, ಎಂಟು ತಂಡಗಳ ಮೊದಲ ಡ್ರಾಫ್ಟ್ ಅವರ ಮನೆಯಲ್ಲಿಯೇ ನಡೆಯಿತು.

ಮೊದಲು ಕರಾರನ್ನು ಓದಬೇಕು

ಒಬ್ಬ ಆಟಗಾರನ ಮೌಲ್ಯವೆಷ್ಟು ಎಂಬ ಪ್ರಶ್ನೆಗೆ ಮೊದಲ ಉತ್ತರ, "ಯಾವ ನಿಯಮದಡಿಯಲ್ಲಿ?" ಎಂಬ ಮರುಪ್ರಶ್ನೆ. ಸಾಮಾನ್ಯ ಪದ್ಧತಿಯಲ್ಲಿ ರಿಸೀವರನು ಗಳಿಸಿದ ಪ್ರತಿ 10 ಗಜಕ್ಕೆ ಒಂದು ಅಂಕ, ಪ್ರತಿ ಟಚ್‌ಡೌನಿಗೆ 6 ಅಂಕ. ಅನೇಕ ಕೂಟಗಳಲ್ಲಿ ಇದರ ಮೇಲೆ ಪ್ರತಿ ಕ್ಯಾಚಿಗೆ ಒಂದು ಅಂಕ, ಕೆಲವೆಡೆ ಅರ್ಧ ಅಂಕ ಸೇರುತ್ತದೆ. ಕ್ಯಾಚಿಗೆ ಅಂಕ ಕೊಡುವ ಕೂಟದಲ್ಲಿ, ಸಣ್ಣ ಸಣ್ಣ ಎಸೆತಗಳನ್ನು ನೂರಾರು ಬಾರಿ ಹಿಡಿಯುವವನ ಬೆಲೆ ಏರುತ್ತದೆ. ಕೊಡದ ಕೂಟದಲ್ಲಿ, ಅಪರೂಪಕ್ಕೆ ಹಿಡಿದರೂ ದೂರಕ್ಕೆ ಒಯ್ಯುವವನ ಬೆಲೆ ಏರುತ್ತದೆ. ಆಟಗಾರ ಅವನೇ, ಕರಾರು ಬದಲಾದುದರಿಂದ ಬೆಲೆ ಬದಲಾಯಿತು.

ತಂಡದಲ್ಲಿ ಎಷ್ಟು ರಿಸೀವರುಗಳನ್ನು ಆಡಿಸಬೇಕೆಂಬುದೂ ಅಷ್ಟೇ ಮುಖ್ಯ. ಹನ್ನೆರಡು ತಂಡಗಳ ಕೂಟದಲ್ಲಿ ತಲಾ ಇಬ್ಬರಾದರೆ ವಾರಕ್ಕೆ 24 ರಿಸೀವರುಗಳಿಗೆ ಬೇಡಿಕೆ; ತಲಾ ಮೂವರಾದರೆ 36. ಪೂರೈಕೆ ಅಷ್ಟೇ ಇದ್ದು ಬೇಡಿಕೆ ಒಂದೂವರೆ ಪಟ್ಟಾದರೆ ಪೇಟೆಯಲ್ಲಿ ಏನಾಗುವುದೆಂಬುದನ್ನು ನಮ್ಮ ಸದಸ್ಯರಿಗೆ ವಿವರಿಸಬೇಕಾಗಿಲ್ಲ.

ಆದಾಯವನ್ನು ಬಿಡಿಸಿ ನೋಡುವುದು

ಎರಡನೆಯ ಹೆಜ್ಜೆ, ಕಳೆದ ವರ್ಷದ ಒಟ್ಟು ಅಂಕವನ್ನು ಅದರ ಮೂಲಗಳಾಗಿ ವಿಂಗಡಿಸುವುದು. ರಿಸೀವರನ ಗಳಿಕೆಗೆ ನಾಲ್ಕು ಹಂತಗಳಿವೆ: ಆತನ ಕಡೆಗೆ ಎಸೆದ ಚೆಂಡುಗಳ ಸಂಖ್ಯೆ, ಅವುಗಳಲ್ಲಿ ಹಿಡಿದವು, ಹಿಡಿದು ಗಳಿಸಿದ ಗಜಗಳು, ಕೊನೆಯಲ್ಲಿ ಟಚ್‌ಡೌನುಗಳು. ಮೊದಲನೆಯದು ನಮ್ಮಲ್ಲಿ ಅಂಗಡಿಗೆ ಬರುವ ಆರ್ಡರುಗಳಿದ್ದಂತೆ. ತಂಡದ ಕಾರ್ಯಯೋಜನೆಯಲ್ಲಿ ಆತನ ಸ್ಥಾನ ಭದ್ರವಾಗಿದ್ದರೆ ಅದು ವರ್ಷದಿಂದ ವರ್ಷಕ್ಕೆ ಬಹುಮಟ್ಟಿಗೆ ಸ್ಥಿರವಾಗಿರುತ್ತದೆ. ಟಚ್‌ಡೌನ್ ಮಾತ್ರ ಏರಿಳಿಯುತ್ತದೆ. ಗಡಿಯಿಂದ ಒಂದು ಗಜ ದೂರದಲ್ಲಿ ಆತನನ್ನು ಕೆಡವಿದರೆ ಮುಂದಿನ ಸರದಿಯಲ್ಲಿ ಸಹ ಆಟಗಾರನೊಬ್ಬನು ಚೆಂಡನ್ನು ಒಳಗೆ ಒಯ್ದು ಆ 6 ಅಂಕಗಳನ್ನು ತನ್ನದಾಗಿಸಿಕೊಳ್ಳಬಹುದು.

ಇದಕ್ಕೆ ಅತ್ಯುತ್ತಮ ನಿದರ್ಶನ ಡೆಟ್ರಾಯಿಟ್ ಲಯನ್ಸ್ ತಂಡದ ಕ್ಯಾಲ್ವಿನ್ ಜಾನ್ಸನ್ ಅವರ ಎರಡು ವರ್ಷಗಳ ಖಾತೆ:

2011: 96 ಕ್ಯಾಚ್, 1,681 ಗಜ, 16 ಟಚ್‌ಡೌನ್.
2012: 122 ಕ್ಯಾಚ್, 1,964 ಗಜ, 5 ಟಚ್‌ಡೌನ್.

2012ರಲ್ಲಿ ಅವರು ಜೆರ್ರಿ ರೈಸ್ ಅವರ ಹೆಸರಿನಲ್ಲಿ 1995ರಿಂದ ಇದ್ದ 1,848 ಗಜಗಳ ದಾಖಲೆಯನ್ನು ಮುರಿದರು. ಆದರೂ ಸಾಮಾನ್ಯ ಪದ್ಧತಿಯಲ್ಲಿ ಅವರ ಗಳಿಕೆ 264.1 ಅಂಕದಿಂದ 226.4ಕ್ಕೆ ಇಳಿಯಿತು. ಕ್ಯಾಚಿಗೆ ಒಂದು ಅಂಕ ಸೇರಿಸಿದರೂ 360.1 ಇದ್ದದ್ದು 348.4 ಆಯಿತು. ದುಡಿಮೆ ಹೆಚ್ಚಿತು, ಜಮಾ ಕಡಿಮೆಯಾಯಿತು. ಹನ್ನೊಂದು ಟಚ್‌ಡೌನುಗಳ ವ್ಯತ್ಯಾಸವೇ ಇದಕ್ಕೆ ಕಾರಣ. 2011ರ ಒಟ್ಟು ಅಂಕವನ್ನು ಮಾತ್ರ ನೋಡಿ 2012ರ ಬೆಲೆ ಕಟ್ಟಿದವನು, ಅದರಲ್ಲಿ ಮೂರನೆಯ ಒಂದು ಭಾಗಕ್ಕೂ ಮಿಗಿಲಾದುದು ಟಚ್‌ಡೌನಿನಿಂದ ಬಂದುದೆಂಬುದನ್ನು ಗಮನಿಸಿರಲಾರ.

ನಮ್ಮ ವೃತ್ತಿಯಲ್ಲಿ ಇದನ್ನು ಅಸಾಧಾರಣ ಆದಾಯವೆಂದು ಬೇರ್ಪಡಿಸುತ್ತೇವೆ. ಕೆಲವು ವರ್ಷಗಳ ಹಿಂದೆ ಕಕ್ಷಿದಾರರೊಬ್ಬರು ಒಂದು ಸಣ್ಣ ಮುದ್ರಣ ಘಟಕವನ್ನು ಕೊಳ್ಳಲು ಮುಂದಾಗಿದ್ದರು. ಹಿಂದಿನ ವರ್ಷದ ಲಾಭ ಆಕರ್ಷಕವಾಗಿತ್ತು. ಪುಸ್ತಕಗಳನ್ನು ತೆರೆದು ನೋಡಿದಾಗ ಅದರಲ್ಲಿ ಅರ್ಧದಷ್ಟು ಒಂದೇ ಒಂದು ಚುನಾವಣಾ ಕಾಲದ ಕೆಲಸದಿಂದ ಬಂದಿತ್ತು. ಅದನ್ನು ತೆಗೆದು, ಉಳಿದ ನಿತ್ಯದ ಕೆಲಸದ ಲಾಭದ ಮೇಲೆ ಬೆಲೆ ಹೇಳುವಂತೆ ಸಲಹೆ ನೀಡಲಾಯಿತು. ಮಾರುವವರು ಮೊದಲು ಒಪ್ಪಲಿಲ್ಲ. ಮೂರು ತಿಂಗಳ ನಂತರ ಅದೇ ಬೆಲೆಗೆ ವ್ಯವಹಾರ ಕುದುರಿತು. ಚುನಾವಣೆ ಪ್ರತಿ ವರ್ಷ ಬರುವುದಿಲ್ಲ. ಹದಿನಾರು ಟಚ್‌ಡೌನುಗಳೂ ಪ್ರತಿ ವರ್ಷ ಬರುವುದಿಲ್ಲ.

ಅಧಿಕ ಲಾಭದ ಲೆಕ್ಕ

ಮೂರನೆಯ ಹೆಜ್ಜೆ ಎಲ್ಲಕ್ಕಿಂತ ಮುಖ್ಯವಾದುದು. ವ್ಯಾಪಾರದ ಗುಡ್‌ವಿಲ್, ಅಂದರೆ ಕೀರ್ತಿಮೌಲ್ಯವನ್ನು ಕಟ್ಟುವಾಗ ನಾವು ಬಳಸುವ ಅಧಿಕ ಲಾಭ ಪದ್ಧತಿಯನ್ನು ಒಮ್ಮೆ ನೆನಪಿಸಿಕೊಳ್ಳೋಣ. ತೊಡಗಿಸಿದ ಬಂಡವಾಳ 20 ಲಕ್ಷ ರೂಪಾಯಿ, ಆ ಬಗೆಯ ವ್ಯಾಪಾರದಲ್ಲಿ ಸಾಮಾನ್ಯ ಪ್ರತಿಫಲ ಶೇ. 12 ಎಂದಿಟ್ಟುಕೊಂಡರೆ, ಸಾಮಾನ್ಯ ಲಾಭ 2.40 ಲಕ್ಷ. ಆ ಅಂಗಡಿಯ ಸರಾಸರಿ ಲಾಭ 3.60 ಲಕ್ಷವಾಗಿದ್ದರೆ ಅಧಿಕ ಲಾಭ 1.20 ಲಕ್ಷ. ಮೂರು ವರ್ಷದ ಖರೀದಿಯ ಲೆಕ್ಕದಲ್ಲಿ ಗುಡ್‌ವಿಲ್ 3.60 ಲಕ್ಷ. ಇಲ್ಲಿ ನಾವು ಬೆಲೆ ಕೊಡುವುದು ಪೂರ್ಣ ಲಾಭಕ್ಕಲ್ಲ. ಯಾರು ಬೇಕಾದರೂ ಗಳಿಸಬಹುದಾದ ಲಾಭವನ್ನು ಮೀರಿದ ಭಾಗಕ್ಕೆ ಮಾತ್ರ.

ಫ್ಯಾಂಟಸಿ ಫುಟ್‌ಬಾಲಿನಲ್ಲಿಯೂ ಇದೇ ಲೆಕ್ಕ. ಜೋ ಬ್ರಯಂಟ್ ಎಂಬವರು ಇದನ್ನು ಮೌಲ್ಯಾಧಾರಿತ ಆಯ್ಕೆ ಎಂಬ ಹೆಸರಿನಲ್ಲಿ ಪ್ರಚಾರಕ್ಕೆ ತಂದರು. ಆಟಗಾರನ ಮೌಲ್ಯವೆಂದರೆ ಆತನು ಗಳಿಸುವ ಅಂಕವಲ್ಲ. ಆತನ ಸ್ಥಾನದಲ್ಲಿ ಅಗ್ಗವಾಗಿ ದೊರೆಯುವ ಬದಲಿ ಆಟಗಾರನಿಗಿಂತ ಆತನು ಹೆಚ್ಚಾಗಿ ಗಳಿಸುವ ಅಂಕ. ಲೆಕ್ಕದ ಅನುಕೂಲಕ್ಕಾಗಿ ಊಹಿಸಿದ ಅಂಕಿಗಳಿಂದ ಇದನ್ನು ನೋಡಬಹುದು. ಹನ್ನೆರಡು ತಂಡಗಳ ಕೂಟ. ಪ್ರತಿ ತಂಡವೂ ಒಬ್ಬ ಕ್ವಾರ್ಟರ್‌ಬ್ಯಾಕ್ ಹಾಗೂ ಮೂವರು ರಿಸೀವರುಗಳನ್ನು ಆಡಿಸುತ್ತದೆ.

ಕ್ವಾರ್ಟರ್‌ಬ್ಯಾಕ್: ಮೊದಲನೆಯವನು 380 ಅಂಕ, 12ನೆಯವನು 300 ಅಂಕ. ಅಧಿಕ ಗಳಿಕೆ 80.
ವೈಡ್ ರಿಸೀವರ್: ಮೊದಲನೆಯವನು 320 ಅಂಕ, 36ನೆಯವನು 170 ಅಂಕ. ಅಧಿಕ ಗಳಿಕೆ 150.

ಒಟ್ಟು ಅಂಕದಲ್ಲಿ ಕ್ವಾರ್ಟರ್‌ಬ್ಯಾಕ್ ಮುಂದಿದ್ದಾನೆ. ಮೌಲ್ಯದಲ್ಲಿ ರಿಸೀವರನು ಹೆಚ್ಚುಕಡಿಮೆ ಎರಡರಷ್ಟು. ಕಾರಣ ಸರಳವಾಗಿದೆ. ಒಳ್ಳೆಯ ಕ್ವಾರ್ಟರ್‌ಬ್ಯಾಕ್ ಕೈ ತಪ್ಪಿದರೂ ಹನ್ನೆರಡನೆಯವನು ಕೊನೆಗೆ ನಮಗೆ ಸಿಕ್ಕೇ ಸಿಗುತ್ತಾನೆ. ನಷ್ಟ 80 ಅಂಕ ಮಾತ್ರ. ಒಳ್ಳೆಯ ರಿಸೀವರ್ ಕೈ ತಪ್ಪಿದರೆ ನಷ್ಟ 150ರವರೆಗೆ ಹೋಗುತ್ತದೆ. ಅದೇ ಕೂಟವು ಇಬ್ಬರೇ ರಿಸೀವರುಗಳನ್ನು ಆಡಿಸುವುದಾಗಿದ್ದು, 24ನೆಯವನ ಗಳಿಕೆ 200 ಅಂಕವಾಗಿದ್ದರೆ, ಮೊದಲನೆಯವನ ಮೌಲ್ಯ 120ಕ್ಕೆ ಇಳಿಯುತ್ತದೆ. ಆಟಗಾರನ ಒಂದು ಅಂಕವೂ ಇಲ್ಲಿ ಬದಲಾಗಿಲ್ಲ.

ಸರದಿ ಮತ್ತು ಪೇಟೆಯ ಧಾರಣೆ

ಮೌಲ್ಯ ತಿಳಿದ ಮಾತ್ರಕ್ಕೆ ಕೂಡಲೇ ಕೊಳ್ಳಬೇಕೆಂದಿಲ್ಲ. ಹೆಚ್ಚಿನ ಕೂಟಗಳಲ್ಲಿ ಸರದಿಯು ಹಾವಿನ ನಡೆಯಂತೆ ಹೋಗಿ ಹಿಂದಿರುಗುತ್ತದೆ. ಹನ್ನೆರಡು ಜನರಲ್ಲಿ ಮೊದಲನೆಯ ಆಯ್ಕೆ ಪಡೆದವನಿಗೆ ಮುಂದಿನ ಅವಕಾಶ 24ನೆಯದು ಮತ್ತು 25ನೆಯದು. ಕೊನೆಯವನಿಗೆ 12 ಮತ್ತು 13. ಮೊದಲನೆಯವನು ಒಮ್ಮೆ ಆರಿಸಿ ಮತ್ತೆ ಆರಿಸುವುದರೊಳಗೆ 22 ಆಟಗಾರರು ಬೇರೆಯವರ ಪಾಲಾಗಿರುತ್ತಾರೆ.

ಆದ್ದರಿಂದ ಪ್ರತಿ ಸರದಿಯಲ್ಲಿ ಕೇಳಿಕೊಳ್ಳಬೇಕಾದ ಪ್ರಶ್ನೆ, "ಈಗ ಯಾರು ಉತ್ತಮ?" ಎಂಬುದಲ್ಲ, "ಈಗ ಬಿಟ್ಟರೆ ಮುಂದಿನ ಸರದಿಗೆ ಎಷ್ಟು ಕಳೆದುಕೊಳ್ಳುತ್ತೇನೆ?" ಎಂಬುದು. ಈಗ ದೊರೆಯುವ ರಿಸೀವರನಿಂದ 290 ಅಂಕ, ಮುಂದಿನ ಸರದಿಗೆ ಉಳಿಯುವವನಿಂದ 250 ಅಂಕ ನಿರೀಕ್ಷಿತವಾಗಿದ್ದರೆ ತಡಮಾಡಿದ ವೆಚ್ಚ 40. ಕ್ವಾರ್ಟರ್‌ಬ್ಯಾಕಿನಲ್ಲಿ ಅದು 370ರಿಂದ 355ಕ್ಕೆ, ಅಂದರೆ 15 ಮಾತ್ರವಾಗಿದ್ದರೆ, ಈಗ ರಿಸೀವರನನ್ನು ತೆಗೆದುಕೊಳ್ಳುವುದೇ ಸರಿ. ಅರ್ಥಶಾಸ್ತ್ರದಲ್ಲಿ ಇದನ್ನು ಅವಕಾಶ ವೆಚ್ಚ ಎನ್ನುತ್ತಾರೆ.

ಯಾವ ಆಟಗಾರನು ಸಾಮಾನ್ಯವಾಗಿ ಎಷ್ಟನೆಯ ಆಯ್ಕೆಯಲ್ಲಿ ಹೋಗುತ್ತಾನೆಂಬ ಸರಾಸರಿ ಪಟ್ಟಿ ಪ್ರತಿ ವರ್ಷ ಪ್ರಕಟವಾಗುತ್ತದೆ. ಅದು ಪೇಟೆಯ ಧಾರಣೆ ಇದ್ದಂತೆ. ನಮ್ಮ ಲೆಕ್ಕದಲ್ಲಿ 20ನೆಯ ಸ್ಥಾನಕ್ಕೆ ಅರ್ಹನಾದವನು ಪೇಟೆಯಲ್ಲಿ 45ನೆಯ ಸ್ಥಾನಕ್ಕೆ ಸಿಗುವಂತಿದ್ದರೆ, ಅವನನ್ನು 20ರಲ್ಲಿಯೇ ಕೊಳ್ಳುವುದು ಜಾಣತನವಲ್ಲ. 40ರ ಆಸುಪಾಸಿನವರೆಗೆ ಕಾಯಬಹುದು. ಮೌಲ್ಯವನ್ನು ಸರಿಯಾಗಿ ಅರಿತಿದ್ದೂ ಅದಷ್ಟನ್ನೂ ಬೆಲೆಯಾಗಿ ತೆತ್ತವನಿಗೆ ಲಾಭ ಉಳಿಯುವುದಿಲ್ಲ.

ಹರಾಜಿನಲ್ಲಿ ಡಾಲರಿನ ಲೆಕ್ಕ

ಕೆಲವು ಕೂಟಗಳಲ್ಲಿ ಸರದಿಯ ಬದಲು ಹರಾಜು ನಡೆಯುತ್ತದೆ. ಪ್ರತಿಯೊಬ್ಬನಿಗೂ ಸಾಮಾನ್ಯವಾಗಿ 200 ಡಾಲರುಗಳ ಕಾಲ್ಪನಿಕ ನಿಧಿಯಿದ್ದು, ಕನಿಷ್ಠ ಸವಾಲು ಒಂದು ಡಾಲರ್. ಹನ್ನೆರಡು ಜನರ ಒಟ್ಟು ನಿಧಿ 2,400 ಡಾಲರ್. ತಲಾ 16ರಂತೆ 192 ಆಟಗಾರರಿಗೆ ಕನಿಷ್ಠ ಒಂದೊಂದು ಡಾಲರ್ ತೆಗೆದಿಟ್ಟರೆ ಉಳಿಯುವುದು 2,208 ಡಾಲರ್. ಎಲ್ಲ ಸ್ಥಾನಗಳ ಅಧಿಕ ಗಳಿಕೆಯ ಮೊತ್ತ 5,520 ಅಂಕವೆಂದು ಭಾವಿಸಿದರೆ, ಒಂದು ಅಧಿಕ ಅಂಕಕ್ಕೆ 40 ಸೆಂಟ್ ಬೀಳುತ್ತದೆ. ಮೇಲ್ಕಂಡ 150 ಅಧಿಕ ಅಂಕದ ರಿಸೀವರನ ಮೌಲ್ಯ 60 ಡಾಲರಿಗೆ ಕನಿಷ್ಠ ಒಂದು ಸೇರಿ 61 ಡಾಲರ್. 80 ಅಧಿಕ ಅಂಕದ ಕ್ವಾರ್ಟರ್‌ಬ್ಯಾಕಿನದು 33 ಡಾಲರ್. 60 ಅಧಿಕ ಅಂಕದ ಮಧ್ಯಮ ರಿಸೀವರನದು 25 ಡಾಲರ್. ಕಾರ್ಖಾನೆಯ ಮೇಲುವೆಚ್ಚವನ್ನು ಯಂತ್ರದ ಗಂಟೆಗಳ ಮೇಲೆ ಹಂಚುವ ಕ್ರಮವನ್ನು ಬಲ್ಲವರಿಗೆ ಇದು ತೀರ ಸುಲಭ.

ಈ ಪಟ್ಟಿಯನ್ನು ಹರಾಜಿಗೆ ಮುನ್ನವೇ ಬರೆದಿಟ್ಟುಕೊಳ್ಳುವುದು ಅಗತ್ಯ. ಕೂಗು ಏರತೊಡಗಿದ ಮೇಲೆ ಲೆಕ್ಕ ಮಾಡುವವನ ಲೆಕ್ಕ ಬಿಸಿಯಲ್ಲಿ ಕರಗಿಹೋಗುತ್ತದೆ. ಎದುರಿನವನು ಕೂಗಿದನೆಂಬ ಒಂದೇ ಕಾರಣಕ್ಕೆ 61ರ ಆಟಗಾರನಿಗೆ 75 ತೆತ್ತವನು ಉಳಿದ ಸ್ಥಾನಗಳಿಗೆ 14 ಡಾಲರ್ ಕಡಿಮೆ ಮಾಡಿಕೊಂಡಂತೆ.

ಗಾಯವೆಂಬ ಅಪಾಯ

ಮೇಲಿನ ಲೆಕ್ಕಗಳೆಲ್ಲ ಆಟಗಾರನು ವರ್ಷವಿಡೀ ಆಡುತ್ತಾನೆಂಬ ನಂಬಿಕೆಯ ಮೇಲೆ ನಿಂತಿವೆ. ವಾಸ್ತವ ಬೇರೆ. ನ್ಯೂ ಆರ್ಲಿಯನ್ಸ್ ಸೇಂಟ್ಸ್ ತಂಡದ ಮೈಕೆಲ್ ಥಾಮಸ್ 2019ರಲ್ಲಿ 149 ಕ್ಯಾಚ್ ಹಿಡಿದು ದಾಖಲೆ ಸ್ಥಾಪಿಸಿದರು. 2020ರಲ್ಲಿ ಮೊದಲ ಸುತ್ತಿನ ಬೆಲೆಗೆ ಹೋದ ಅವರಿಗೆ ಮೊದಲ ಪಂದ್ಯದಲ್ಲಿಯೇ ಕಾಲಿನ ಗಿಣ್ಣಿಗೆ ಪೆಟ್ಟಾಯಿತು. ಆ ವರ್ಷ ಅವರು ಆಡಿದ್ದು 7 ಪಂದ್ಯ, ಟಚ್‌ಡೌನ್ ಒಂದೂ ಇಲ್ಲ. ಮಿನೆಸೋಟ ವೈಕಿಂಗ್ಸ್‌ನ ಜಸ್ಟಿನ್ ಜೆಫರ್ಸನ್ 2022ರಲ್ಲಿ 1,809 ಗಜ ಗಳಿಸಿ, 2023ರಲ್ಲಿ ಅನೇಕ ಕೂಟಗಳಲ್ಲಿ ಮೊಟ್ಟಮೊದಲ ಆಯ್ಕೆಯಾದರು. ಆದರೆ ತೊಡೆಯ ಸ್ನಾಯುವಿನ ತೊಂದರೆಯಿಂದ 10 ಪಂದ್ಯಗಳನ್ನು ಮಾತ್ರ ಆಡಿದರು.

ಈ ಅಪಾಯವನ್ನು ಲೆಕ್ಕಕ್ಕೆ ಹಿಡಿಯುವ ಕ್ರಮದಲ್ಲಿಯೂ ಬದಲಿ ಆಟಗಾರನನ್ನು ಮರೆಯಬಾರದು. ಪಂದ್ಯಕ್ಕೆ 18 ಅಂಕ ತರುವ ಒಬ್ಬ ರಿಸೀವರ್, 10 ಅಂಕ ತರುವ ಬದಲಿಗಾರ ಎಂದಿಟ್ಟುಕೊಳ್ಳೋಣ. ಹೆಚ್ಚಿನ ಕೂಟಗಳು 17ನೆಯ ವಾರಕ್ಕೆ ಮುಗಿಯುವುದರಿಂದ, ತಂಡದ ಬಿಡುವಿನ ವಾರವನ್ನು ಕಳೆದರೆ ಉಳಿಯುವುದು 16 ಪಂದ್ಯ. ಪೂರ್ಣ ಆಡಿದರೆ ಅಧಿಕ ಗಳಿಕೆ 128 ಅಂಕ. ಮೂರು ಪಂದ್ಯ ತಪ್ಪಿದರೆ 104. ಅಂದರೆ ತಪ್ಪಿದ ಪ್ರತಿ ಪಂದ್ಯದ ನಷ್ಟ 18 ಅಲ್ಲ, 8 ಮಾತ್ರ. ಉಳಿದ 10ನ್ನು ಬದಲಿಗಾರನು ತಂದುಕೊಡುತ್ತಾನೆ. ಯಂತ್ರ ಕೆಟ್ಟು ನಿಂತ ದಿನ ಕೆಲಸವನ್ನು ಹೊರಗೆ ಜಾಬ್ ವರ್ಕಿಗೆ ಕೊಟ್ಟು ನಿಭಾಯಿಸುವ ಕಾರ್ಖಾನೆಯ ನಷ್ಟವೂ ಹೀಗೆಯೇ. ಅದು ಆ ದಿನದ ಪೂರ್ಣ ಉತ್ಪಾದನೆಯಲ್ಲ, ಎರಡರ ನಡುವಿನ ಅಂತರ. ಹೊರಗೆ ಕೆಲಸ ಮಾಡಿಕೊಡುವವರೇ ಇಲ್ಲದ ಊರಿನಲ್ಲಿ ಮಾತ್ರ ನಷ್ಟ ಪೂರ್ಣವಾಗಿರುತ್ತದೆ.

ಒಬ್ಬರ ಮೂರು ವರ್ಷದ ಖಾತೆ

ಲಾಸ್ ಏಂಜಲೀಸ್ ರ‍್ಯಾಮ್ಸ್ ತಂಡದಲ್ಲಿದ್ದ ಕೂಪರ್ ಕಪ್ ಅವರ ಮೂರು ವರ್ಷಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಇದುವರೆಗಿನ ಎಲ್ಲ ಅಂಶಗಳೂ ಕಾಣಸಿಗುತ್ತವೆ. ಕ್ಯಾಚಿಗೆ ಒಂದು ಅಂಕದ ಪದ್ಧತಿಯಲ್ಲಿ, ಕ್ಯಾಚ್, ಗಜ, ಟಚ್‌ಡೌನ್ ಈ ಮೂರನ್ನು ಮಾತ್ರ ಹಿಡಿದರೆ:

2020: 15 ಪಂದ್ಯ, 92 ಕ್ಯಾಚ್, 974 ಗಜ, 3 ಟಚ್‌ಡೌನ್. ಒಟ್ಟು 207.4 ಅಂಕ.
2021: 17 ಪಂದ್ಯ, 145 ಕ್ಯಾಚ್, 1,947 ಗಜ, 16 ಟಚ್‌ಡೌನ್. ಒಟ್ಟು 435.7 ಅಂಕ.
2022: 9 ಪಂದ್ಯ, 75 ಕ್ಯಾಚ್, 812 ಗಜ, 6 ಟಚ್‌ಡೌನ್. ಒಟ್ಟು 192.2 ಅಂಕ.

2020ರ ಅಂಕವನ್ನು ನೋಡಿದ ಪೇಟೆಯು 2021ರಲ್ಲಿ ಅವರಿಗೆ ಮೊದಲ ಮೂರು ಸುತ್ತುಗಳ ಬೆಲೆ ಕೊಡಲಿಲ್ಲ. ಆದರೆ ಆ ವರ್ಷದ ಆರಂಭದಲ್ಲಿ ತಂಡವು ತನ್ನ ಕ್ವಾರ್ಟರ್‌ಬ್ಯಾಕನ್ನು ಬದಲಿಸಿ, ಡೆಟ್ರಾಯಿಟಿನಿಂದ ಮ್ಯಾಥ್ಯೂ ಸ್ಟ್ಯಾಫರ್ಡ್ ಅವರನ್ನು ತಂದಿತ್ತು. ಹತ್ತು ವರ್ಷಗಳ ಹಿಂದೆ ಕ್ಯಾಲ್ವಿನ್ ಜಾನ್ಸನ್ ಅವರಿಗೆ ಚೆಂಡು ಎಸೆಯುತ್ತಿದ್ದವರೂ ಇವರೇ. 2021ರಲ್ಲಿ ಕಪ್ ಅವರ ಕಡೆಗೆ 191 ಎಸೆತಗಳು ಬಂದವು. ಅದು ತಂಡದ ಎಸೆತಗಳಲ್ಲಿ ಹತ್ತಕ್ಕೆ ಮೂರರಷ್ಟು. ಆರ್ಡರು ಕೊಡುವವನು ಬದಲಾದುದನ್ನು ಗಮನಿಸಿದವರಿಗೆ ಅಗ್ಗದಲ್ಲಿ ದೊಡ್ಡ ಸ್ವತ್ತು ದೊರೆಯಿತು.

ಮುಂದಿನ ವರ್ಷ ಪೇಟೆ ಎಚ್ಚೆತ್ತು ಅವರನ್ನು ಮೊದಲ ಸುತ್ತಿಗೆ ಏರಿಸಿತು. ನವೆಂಬರಿನಲ್ಲಿ ಕಾಲಿಗೆ ಗಾಯವಾಗಿ ಅವರ ವರ್ಷ ಮುಗಿಯಿತು. ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಪಂದ್ಯವೊಂದರ ಸರಾಸರಿ 2021ರಲ್ಲಿ 25.6 ಇದ್ದುದು 2022ರಲ್ಲಿ 21.4 ಆಯಿತು, ಆಟಗಾರನ ಸಾಮರ್ಥ್ಯ ಕುಸಿದಿರಲಿಲ್ಲ, ಆಡಿದ ದಿನಗಳು ಕಡಿಮೆಯಾಗಿದ್ದವು. ಒಟ್ಟು ಅಂಕವನ್ನು ಮಾತ್ರ ನೋಡುವವನಿಗೆ ಈ ಎರಡರ ವ್ಯತ್ಯಾಸ ತಿಳಿಯುವುದಿಲ್ಲ.

2023ರ ಮೊದಲ ನಾಲ್ಕು ಪಂದ್ಯಗಳಿಗೂ ಕಪ್ ಇರಲಿಲ್ಲ. ಆ ಸ್ಥಳದಲ್ಲಿ ಪೂಕಾ ನಕುವಾ ಎಂಬ ಹೊಸ ಹುಡುಗನ ಕಡೆಗೆ ಚೆಂಡುಗಳು ಹರಿದವು. ವೃತ್ತಿಪರ ತಂಡವೇ ಐದನೆಯ ಸುತ್ತಿನಲ್ಲಿ ಆರಿಸಿಕೊಂಡಿದ್ದ ಈತನನ್ನು ಫ್ಯಾಂಟಸಿ ಕೂಟಗಳಲ್ಲಿ ಬಹುತೇಕ ಯಾರೂ ಕೊಂಡಿರಲಿಲ್ಲ. ವರ್ಷಾಂತ್ಯಕ್ಕೆ ಆತನ ಖಾತೆಯಲ್ಲಿ 105 ಕ್ಯಾಚ್, 1,486 ಗಜ, 6 ಟಚ್‌ಡೌನ್, ಒಟ್ಟು 289.6 ಅಂಕ. ವರ್ಷದ ಮಧ್ಯೆ ಉಳಿದ ಆಟಗಾರರನ್ನು ಕೊಳ್ಳಲು ಅನೇಕ ಕೂಟಗಳಲ್ಲಿ ಪ್ರತ್ಯೇಕವಾಗಿ 100 ಡಾಲರುಗಳ ಕಾಲ್ಪನಿಕ ನಿಧಿ ಇರುತ್ತದೆ. ಮೊದಲ ವಾರದ ನಂತರ ಆ ನಿಧಿಯನ್ನು ಧೈರ್ಯವಾಗಿ ಬಳಸಿದವನಿಗೆ ನಕುವಾ ದೊರೆತರು. ಒಳ್ಳೆಯ ಅವಕಾಶಗಳೆಲ್ಲ ಖರೀದಿಯ ದಿನವೇ ಕಾಣಿಸಿಕೊಳ್ಳುವುದಿಲ್ಲ.

ಸದಸ್ಯರ ಗಮನಕ್ಕೆ

ಮೇಲ್ಕಂಡ ವಿವರಣೆಯಿಂದ ನಮ್ಮ ವ್ಯಾಪಾರಸ್ಥರೂ ಸಣ್ಣ ಉದ್ದಿಮೆದಾರರೂ ತಮ್ಮ ಖರೀದಿಗಳಿಗೆ ಅನ್ವಯಿಸಿಕೊಳ್ಳಬಹುದಾದ ಅಂಶಗಳನ್ನು ಹೀಗೆ ಕ್ರೋಡೀಕರಿಸಬಹುದು:

1. ಅಂಗಡಿ, ಯಂತ್ರ, ಏಜೆನ್ಸಿ ಅಥವಾ ಅನುಭವಿ ನೌಕರ, ಯಾವುದೇ ಆಗಲಿ, ಅದರ ಒಟ್ಟು ಗಳಿಕೆಯನ್ನು ನೋಡಿ ಬೆಲೆ ಕಟ್ಟಬಾರದು. ಅದಿಲ್ಲದಿದ್ದರೆ ಸುಲಭವಾಗಿ ದೊರೆಯುವ ಬದಲಿಯ ಗಳಿಕೆಯನ್ನು ಕಳೆದು, ಉಳಿದುದಕ್ಕೆ ಮಾತ್ರ ಬೆಲೆ ಕಟ್ಟಬೇಕು.
2. ಹಿಂದಿನ ವರ್ಷದ ಲಾಭದಲ್ಲಿ ನಿತ್ಯದ ವ್ಯವಹಾರದಿಂದ ಬಂದುದೆಷ್ಟು, ಒಂದು ಬಾರಿ ಮಾತ್ರ ಬಂದುದೆಷ್ಟು ಎಂದು ಬೇರ್ಪಡಿಸಬೇಕು. ಕನಿಷ್ಠ ಮೂರು ವರ್ಷಗಳ ಪುಸ್ತಕಗಳನ್ನು ಕೇಳಿ ಪಡೆಯಬೇಕು.
3. ಗಳಿಕೆ ಯಾರನ್ನು ಅವಲಂಬಿಸಿದೆ ಎಂಬುದನ್ನು ವಿಚಾರಿಸಬೇಕು. ಒಬ್ಬನೇ ದೊಡ್ಡ ಗಿರಾಕಿಯ ಮೇಲೆ ನಿಂತ ಘಟಕವು ಒಬ್ಬ ಕ್ವಾರ್ಟರ್‌ಬ್ಯಾಕಿನ ಮೇಲೆ ನಿಂತ ರಿಸೀವರನಂತೆ. ಆತನು ಬದಲಾದರೆ ಲಾಭವೂ ಬದಲಾಗುತ್ತದೆ, ಮೇಲಕ್ಕಾದರೂ ಸರಿ, ಕೆಳಕ್ಕಾದರೂ ಸರಿ.
4. ಕೊಡಬಹುದಾದ ಗರಿಷ್ಠ ಬೆಲೆಯನ್ನು ಮಾತುಕತೆಗೆ ಮುನ್ನವೇ ಬರೆದಿಡಬೇಕು.
5. ಬಂಡವಾಳವೆಲ್ಲವನ್ನೂ ಒಂದೇ ದಿನ ತೊಡಗಿಸದೆ, ನಂತರ ಬರುವ ಅವಕಾಶಕ್ಕೆಂದು ಒಂದು ಭಾಗವನ್ನು ಕೈಯಲ್ಲಿ ಉಳಿಸಿಕೊಳ್ಳಬೇಕು.

ಕಾನೂನಿನ ಎಚ್ಚರಿಕೆ

ಲೇಖನವನ್ನು ಓದಿದ ತರುಣರು ಹಣ ಕಟ್ಟಿ ಇಂತಹ ಆಟಕ್ಕೆ ಇಳಿಯುವ ಮುನ್ನ ಕಾನೂನಿನ ಸ್ಥಿತಿಯನ್ನು ತಿಳಿದಿರಬೇಕು. ಅಮೆರಿಕದಲ್ಲಿ 2006ರ ಅಂತರ್ಜಾಲ ಜೂಜು ಕಾಯ್ದೆಯು ಕೆಲವು ಷರತ್ತುಗಳ ಮೇಲೆ ಫ್ಯಾಂಟಸಿ ಆಟಗಳಿಗೆ ವಿನಾಯಿತಿ ನೀಡಿದೆ. ನಮ್ಮಲ್ಲಿ ಸ್ಥಿತಿ ಬೇರೆ. ಆನ್‌ಲೈನ್ ಹಣದಾಟಗಳನ್ನು ನಿಷೇಧಿಸಲು ಕರ್ನಾಟಕವು 2021ರಲ್ಲಿ ಪೊಲೀಸ್ ಕಾಯ್ದೆಗೆ ತಂದ ತಿದ್ದುಪಡಿಯ ಮುಖ್ಯ ಭಾಗಗಳನ್ನು ಉಚ್ಚ ನ್ಯಾಯಾಲಯವು 2022ರ ಫೆಬ್ರವರಿಯಲ್ಲಿ ರದ್ದುಪಡಿಸಿತ್ತು. ಆದರೆ 2025ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ಕೇಂದ್ರ ಕಾಯ್ದೆಯು, ಕೌಶಲವೋ ಅದೃಷ್ಟವೋ ಎಂಬ ಭೇದವಿಲ್ಲದೆ, ಹಣ ಕಟ್ಟಿ ಆಡಿಸುವ ಆನ್‌ಲೈನ್ ಆಟಗಳನ್ನು ನಿಷೇಧಿಸುತ್ತದೆ. ಅದರ ಬೆನ್ನಲ್ಲೇ ಇಲ್ಲಿನ ದೊಡ್ಡ ಫ್ಯಾಂಟಸಿ ಸಂಸ್ಥೆಗಳು ಹಣದ ಸ್ಪರ್ಧೆಗಳನ್ನು ನಿಲ್ಲಿಸಿದವು.

ವಿದೇಶದ ಕೂಟಕ್ಕೆ ಇಲ್ಲಿಂದ ಹಣ ಕಳುಹಿಸುವ ಯೋಚನೆಯೂ ಬೇಡ. ವಿದೇಶಿ ವಿನಿಮಯ ಚಾಲ್ತಿ ಖಾತೆ ವ್ಯವಹಾರಗಳ 2000ದ ನಿಯಮಗಳ ಮೊದಲ ಅನುಸೂಚಿಯಲ್ಲಿ, ಲಾಟರಿ ಟಿಕೆಟುಗಳ ಜೊತೆಗೆ ಫುಟ್‌ಬಾಲ್ ಪಂಥಗಳಿಗೆ ಹಣ ರವಾನಿಸುವುದನ್ನೂ ಹೆಸರಿಸಿಯೇ ನಿಷೇಧಿಸಲಾಗಿದೆ. ಅಮೆರಿಕದಲ್ಲಿರುವ ಮಗನ ಕಚೇರಿಯ ಕೂಟಕ್ಕೆ ಸಲಹೆ ಕೊಡಬಹುದು, ಪಾಲು ಕಟ್ಟಬಾರದು.

ಹಣ ಕಟ್ಟದೆಯೂ ಈ ಲೆಕ್ಕವನ್ನು ಕಲಿಯಲು ಅಡ್ಡಿಯಿಲ್ಲ. ಹಳೆಯ ವರ್ಷಗಳ ಅಂಕಿಗಳು ಎಲ್ಲರಿಗೂ ಲಭ್ಯವಿವೆ. ಒಂದು ಕಾಗದ, ಒಂದು ಪೆನ್ಸಿಲು ಸಾಕು. ಮುಂದಿನ ಬಾರಿ ಯಾರಾದರೂ ಕಳೆದ ವರ್ಷದ ಲಾಭದ ಅಂಕಿಯನ್ನು ಮುಂದಿಟ್ಟು ಅಂಗಡಿಯ ಬೆಲೆ ಹೇಳಿದಾಗ, ಅದು ಯಾವುದರಿಂದ ಬಂತು, ಅದಿಲ್ಲದಿದ್ದರೆ ನಮಗೆ ಬೇರೇನು ಸಿಗುತ್ತಿತ್ತು ಎಂಬ ಎರಡು ಪ್ರಶ್ನೆಗಳನ್ನು ನಮ್ಮ ಸದಸ್ಯರು ಕೇಳಿದರೆ ಸಾಕು. ಉತ್ತರ ಬರುವವರೆಗೆ ಚೆಕ್ಕಿಗೆ ಸಹಿ ಹಾಕಬಾರದು.